ಅಕ್ಕನ ಕುಕಿ ಫೈಲು

ಲಾಗೌಟ್ ಒತ್ತಿದೆನೋ ಇಲ್ಲವೋ ಎಂಬ ಪ್ರಶ್ನೆ ಅವನ ತಲೆ ಹೊಕ್ಕಿದ್ದು ಬೆಳಿಗ್ಗೆ ಹಲ್ಲುಜ್ಜುವಾಗ. ಬಾಯಿ ತುಂಬ ನೊರೆ, ಕನ್ನಡಿಯಲ್ಲಿ ಸುಖವಾಗಿ ನಿದ್ದೆ ಮಾಡಿ ಎದ್ದ ನಲವತ್ತೊಂದು ವರ್ಷದ ಮುಖ, ಅಂಥ ಹೊತ್ತಿನಲ್ಲಿ ಯಾವ ಕಾರಣವೂ ಇಲ್ಲದೆ ನಿನ್ನೆ ಸಂಜೆಯ ಅಕ್ಕನ ಕಂಪ್ಯೂಟರಿನ ಪರದೆ ಕಣ್ಣೆದುರು ಬಂದು ನಿಂತಿತು. ಪರದೆಯ ಬಲಗಡೆ, ಮೇಲಿನ ಮೂಲೆ. ಬಾಣದ ಗುರುತು ಆ ಮೂಲೆಯ ಕಡೆಗೆ ಹೋದದ್ದು ಚೆನ್ನಾಗಿ ನೆನಪಿದೆ. ಒತ್ತಿದ್ದು ನೆನಪಿಲ್ಲ. ಒತ್ತದೆ ಬಿಟ್ಟದ್ದೂ ನೆನಪಿಲ್ಲ. ಅಷ್ಟರಲ್ಲಿ ಅಕ್ಕ ಒಳಗಿನಿಂದ ಟೀ ತಂದಳು, ಅವನು ತಿರುಗಿ ಲೋಟ ಇಸಿದುಕೊಂಡ, ಸಕ್ಕರೆ ಕಮ್ಮಿಯಾಯಿತು ಅಂದ, ಅವಳು ಅವನ ಹೊಟ್ಟೆಯ ಕಡೆ ಬೆರಳು ತೋರಿಸಿ ನಕ್ಕಳು. ಸಕ್ಕರೆ ನೆನಪಿದೆ, ಹೊಟ್ಟೆ ನೆನಪಿದೆ, ತನ್ನ ಬೆರಳು ಏನು ಮಾಡಿತು ಎನ್ನುವುದೊಂದು ಮಾತ್ರ ನೆನಪಿಲ್ಲ. ಉಗಿದು ಬಾಯಿ ತೊಳೆದುಕೊಂಡು, ಛೆ, ಒತ್ತಿರಲಿಕ್ಕಿಲ್ಲ ಎಂದುಕೊಂಡ. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಒತ್ತಿರಲೂಬಹುದು ಅನ್ನಿಸಿತು. ಬೂಟು ಹಾಕಿಕೊಳ್ಳುವ ಹೊತ್ತಿಗೆ ಎಡಗಾಲಿಗೆ ಒತ್ತಿದ್ದೇನೆ, ಬಲಗಾಲಿಗೆ ಒತ್ತಿಲ್ಲ. ಬಲಗಾಲನ್ನೇ ಮುಂದಿಟ್ಟು ಮನೆಯಿಂದ ಹೊರಟ.

ಬೇರೆಯವರಾಗಿದ್ದರೆ ಇದೊಂದು ಪ್ರಶ್ನೆಯೇ ಆಗುತ್ತಿರಲಿಲ್ಲ. ಅವನಿಗೆ ತನ್ನ ಕೈಯ ಮೇಲೆ ನಂಬಿಕೆಯಿರಲಿಲ್ಲ, ಮತ್ತು ಅದಕ್ಕೆ ತಕ್ಕ ಕಾರಣವೂ ಇತ್ತು. ಸಾರ್ವಜನಿಕ ಗ್ರಂಥಾಲಯದ ಎರಡನೇ ಮಹಡಿಯಲ್ಲಿ ಇಪ್ಪತ್ತೆರಡು ಕಂಪ್ಯೂಟರುಗಳ ಒಂದು ಕೋಣೆ, ಅದರ ಉಸ್ತುವಾರಿ ಅವನದು. ಜನ ಬರುತ್ತಾರೆ, ಗಂಟೆಗಟ್ಟಲೆ ಕೂರುತ್ತಾರೆ, ತಮ್ಮ ಅಂಚೆಪೆಟ್ಟಿಗೆ, ತಮ್ಮ ಜಗಳ, ತಮ್ಮ ಆಸ್ಪತ್ರೆಯ ವರದಿ ಎಲ್ಲವನ್ನೂ ಹರವಿಕೊಂಡು ನೋಡಿ, ಆಮೇಲೆ ಹಾಗೇ ಎದ್ದು ಹೋಗಿಬಿಡುತ್ತಾರೆ, ಉಂಡ ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು ಹೋದ ಹಾಗೆ. ಹೊರಡುವವರ ಬೆನ್ನಿಗೆ ‘ಲಾಗೌಟ್ ಮಾಡಿದ್ರಾ?’ ಎಂದು ಕೂಗುವುದು ಅವನಿಗೆ ಎಷ್ಟು ರೂಢಿಯೆಂದರೆ ಓದುಗರೆಲ್ಲ ಅವನನ್ನು ಲಾಗೌಟ್ ಸಾರ್ ಎಂದೇ ಕರೆಯುತ್ತಿದ್ದರು, ಅವನಿಗೆ ಕೇಳಿಸುವ ಹಾಗೆಯೇ. ದಿನಾ ಸಂಜೆ ಬಾಗಿಲು ಹಾಕುವ ಮೊದಲು ಸಾಲು ಸಾಲಾಗಿ ನಡೆದು, ಮರೆತುಹೋದವರ ಖಾತೆಗಳನ್ನು ಒಂದೊಂದಾಗಿ ಮುಚ್ಚುತ್ತ ಬರುತ್ತಾನೆ. ಹನ್ನೆರಡು ವರ್ಷದಿಂದ ಇದೇ ಆಗಿ, ಈಗ ಆ ಕೆಲಸಕ್ಕೆ ಅವನು ಬೇಕಾಗಿಯೇ ಇಲ್ಲ. ಕೈ ತನ್ನ ಪಾಡಿಗೆ ತಾನು ಬಲಗಡೆ ಮೇಲಿನ ಮೂಲೆಗೆ ಹೋಗುತ್ತದೆ, ಒತ್ತುತ್ತದೆ, ಮುಂದಿನ ಕುರ್ಚಿಗೆ ನಡೆಯುತ್ತದೆ. ಅವನು ಆಗ ಮನೆಗೆ ಏನು ತರಕಾರಿ ಒಯ್ಯಬೇಕೆಂದು ಯೋಚಿಸುತ್ತಿರುತ್ತಾನೆ. ಸಿಗ್ನಲಿನಲ್ಲಿ ನಿಂತು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. ಪಕ್ಕದಲ್ಲಿ ನಿಂತ ಹೆಂಗಸು, ಈತನಿಗೆ ಕೈ ಉಳುಕಿರಬೇಕು ಎಂದುಕೊಂಡಳೋ ಏನೋ, ಸ್ವಲ್ಪ ಆಚೆ ಸರಿದಳು.

ಅಕ್ಕನಿಗೆ ಉಗ್ಗು. ಮನೆಯಲ್ಲಿ ಆ ಪದವನ್ನು ಯಾರೂ ಆಡುತ್ತಿರಲಿಲ್ಲ, ‘ಅವಳಿಗೆ ಸ್ವಲ್ಪ ಮಾತು ತಡೆಯುತ್ತೆ’ ಎನ್ನುತ್ತಿದ್ದರು, ಏನೋ ದಾರಿಯಲ್ಲಿ ಬಾಗಿಲೊಂದು ಅಡ್ಡ ಇದೆ ಎನ್ನುವ ಹಾಗೆ. ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವುದು ಅವಳ ಕೆಲಸ. ಯಂತ್ರದ ಸದ್ದಿನಲ್ಲಿ ಅಲ್ಲಿ ಯಾರಿಗೂ ಮಾತು ಬೇಕಿಲ್ಲ. ಒಂಬತ್ತು ವರ್ಷದ ಕೆಳಗೆ ಅವಳು ಒಂದು ಸೈಟು ಸೇರಿದ್ದಳು, ಅವಳಂಥವರೇ ಸೇರಿ ಮಾಡಿಕೊಂಡದ್ದು. ವಾರಕ್ಕೊಮ್ಮೆ ಏನಾದರೂ ಮಾತಾಡಿ ಧ್ವನಿಮುದ್ರಿಸಿ ಅಲ್ಲಿ ಇಡಬೇಕು. ಅವರವರು ಇಟ್ಟದ್ದು ಅವರವರಿಗೆ ಮಾತ್ರ ಕೇಳುತ್ತದೆ, ತಮ್ಮ ಮಾತು ವರ್ಷದಿಂದ ವರ್ಷಕ್ಕೆ ಎಲ್ಲಿಂದ ಎಲ್ಲಿಗೆ ಬಂತೆಂದು ನೋಡಿಕೊಳ್ಳಬಹುದು. ಹಾಗೆ ನಾನೂರಕ್ಕೂ ಹೆಚ್ಚು ವಾರದ ಅಕ್ಕನ ಧ್ವನಿ ಅಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಅದನ್ನು ನಡೆಸುತ್ತಿದ್ದ ಮುದುಕರು, ವಯಸ್ಸಾಯಿತು, ಇನ್ನು ನನ್ನಿಂದಾಗದು ಎಂದು ಬರೆದು, ಈ ಶುಕ್ರವಾರ ಸಂಜೆ ನಾಲ್ಕಕ್ಕೆ ಎಲ್ಲವನ್ನೂ ಅಳಿಸುವುದಾಗಿ ತಿಳಿಸಿದ್ದರು. ಆಮೇಲೆ ಯಾರ ಪತ್ರಕ್ಕೂ ಉತ್ತರವಿಲ್ಲ. ಅಕ್ಕನಿಗೆ ಪಾಸ್‌ವರ್ಡ್ ಮರೆತು ಎಷ್ಟೋ ಕಾಲವಾಗಿತ್ತು, ಹೊಸದು ಪಡೆಯೋಣವೆಂದರೆ ಅದು ಬರಬೇಕಾದ ಇಮೇಲ್ ವಿಳಾಸ ಅಂಗಡಿಯ ಹಳೇ ಮಾಲೀಕರ ಕಾಲದ್ದು, ಅಂಗಡಿ ಕೈ ಬದಲಾದಾಗಲೇ ಸತ್ತುಹೋಗಿತ್ತು. ಒಂದೇ ಒಂದು ಭಾಗ್ಯವೆಂದರೆ ಅವಳ ಮನೆಯ ಹಳೇ ಕಂಪ್ಯೂಟರಿನಲ್ಲಿ ಆ ಸೈಟು ಇನ್ನೂ ತೆರೆದೇ ಇತ್ತು.

ತೆರೆದೇ ಇತ್ತು ಎಂದರೆ, ಕುಕಿ ಇತ್ತು. ಗ್ರಂಥಾಲಯದ ಬಾಗಿಲಲ್ಲಿ ಚೀಲ ಇಟ್ಟುಕೊಂಡು ಒಂದು ಬಿಲ್ಲೆ ಕೊಡುತ್ತಾರಲ್ಲ, ಕುಕಿ ಅಂಥದ್ದು. ಸೈಟು ಬ್ರೌಸರಿನ ಕೈಗೆ ಒಂದು ಬಿಲ್ಲೆ ಕೊಟ್ಟು, ಇದನ್ನು ತೋರಿಸಿದರೆ ಹೆಸರು ಗುಟ್ಟು ಏನೂ ಕೇಳದೆ ಒಳಗೆ ಬಿಡುತ್ತೇನೆ ಎನ್ನುತ್ತದೆ. ಆ ಬಿಲ್ಲೆಯ ನಕಲು ಮಾಡಿಕೊಂಡು ಗ್ರಂಥಾಲಯಕ್ಕೆ ತಂದರೆ ಇಲ್ಲಿನ ವೇಗದ ಲೈನಿನಲ್ಲಿ, ಇಡೀ ಸೈಟನ್ನೇ ಇಳಿಸಿಕೊಡುವ ಪ್ರೋಗ್ರಾಮಿನಲ್ಲಿ, ನಾನೂರು ಧ್ವನಿಯೂ ಒಂದು ಗಂಟೆಯಲ್ಲಿ ಇಳಿದುಬಿಡುತ್ತವೆ. ಎರಡು ವಾರದ ಹಿಂದೆಯೇ ಅಕ್ಕ ಕೇಳಿದ್ದಳು. ನಾಳೆ ಬರ್ತೀನಿ, ನಾಡಿದ್ದು ಬರ್ತೀನಿ ಎನ್ನುತ್ತ ಕಡೆಗೆ ನಿನ್ನೆ ಸಂಜೆ ಹೋಗಿ, ಕುಕಿಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದ. ಆಗ ಅವನ ಕೈ ಆ ಮೂಲೆಗೆ ಹೋಗಿತ್ತು. ಒತ್ತಿದ್ದರೆ ಕತೆ ಮುಗಿಯಿತು. ಚೀಲ ವಾಪಸು ಕೊಟ್ಟಾಯಿತು ಎಂದು ಕೌಂಟರಿನವನು ಪುಸ್ತಕದಲ್ಲಿ ಗೀಟು ಹಾಕಿದ ಮೇಲೆ ಬಿಲ್ಲೆಯ ನಕಲು ಎಷ್ಟಿದ್ದರೇನು.

ಇದನ್ನು ತಿಳಿಯಲು ಎರಡು ಸುಲಭ ದಾರಿಯಿದ್ದವು, ಎರಡೂ ಅವನಿಗೆ ಗೊತ್ತಿದ್ದವು. ಒಂದು, ಅಕ್ಕನಿಗೆ ಫೋನು ಮಾಡಿ ‘ಆ ಪುಟ ಇನ್ನೂ ತೆರೆದಿದೆಯಾ ನೋಡು’ ಎನ್ನುವುದು. ಇವತ್ತು ಶುಕ್ರವಾರ, ಅವಳಿಗೆ ರಜೆ, ಮನೆಯಲ್ಲೇ ಇರುತ್ತಾಳೆ. ಆದರೆ ಯಾಕೆ ಎಂದು ಕೇಳಿದರೆ? ಇನ್ನೊಂದು, ಆ ಕುಕಿಯನ್ನು ಇಲ್ಲಿನ ಒಂದು ಬ್ರೌಸರಿಗೆ ತುಂಬಿ ನೋಡುವುದು, ಎರಡು ನಿಮಿಷದ ಕೆಲಸ. ಅವನು ಎರಡನ್ನೂ ಮಾಡಲಿಲ್ಲ. ನಿಯಮ ಪ್ರಕಾರವೇ ಹೋಗೋಣ ಎಂದು ತನ್ನ ಮೇಜಿಗೆ ಬಂದು ಕೂತು, ಕನ್ನಡಕ ಒರೆಸಿಕೊಂಡು, ಫೈಲು ತೆರೆದ. ಅಕ್ಕನ ಬ್ರೌಸರು ಕೊಟ್ಟದ್ದು ಜೇಸನ್ ಎಂಬ ರೂಪದಲ್ಲಿತ್ತು, ಎಲ್ಲಕ್ಕೂ ಹೆಸರು, ಎಲ್ಲಕ್ಕೂ ಆವರಣ, ಬಾಲವುಳ್ಳ ಕಂಸಗಳು, ಮದುವೆ ಮನೆಯ ಸಾಮಾನಿನ ಹಾಗೆ ಒಂದೊಂದಕ್ಕೂ ಚೀಟಿ ಅಂಟಿಸಿ. ಇಳಿಸುವ ಪ್ರೋಗ್ರಾಮಿಗೆ ಅದೆಲ್ಲ ಬೇಡ. ಅದು ಹಳೇ ಕಾಲದ್ದು, ಅದಕ್ಕೆ ಬೇಕಾದ್ದು ಸಾದಾ ಅಕ್ಷರದ ಫೈಲು: ಸಾಲಿಗೊಂದು ಕುಕಿ, ಸಾಲಿಗೆ ಏಳು ಮನೆ, ಮನೆಗೂ ಮನೆಗೂ ನಡುವೆ ಕಾಣದ ಗೋಡೆಯ ಹಾಗೆ ಒಂದೊಂದು ಟ್ಯಾಬ್. ಯಾವ ಸೈಟು, ಅದರ ಮರಿ ಸೈಟುಗಳಿಗೂ ನಡೆಯುತ್ತದೆಯೇ, ಯಾವ ದಾರಿಗೆ, ಬೀಗ ಹಾಕಿದ ದಾರಿಯೇ, ಎಂದಿನವರೆಗೆ, ಹೆಸರೇನು, ಒಳಗೇನಿದೆ. ಒಂದರಿಂದ ಇನ್ನೊಂದಕ್ಕೆ ತಿರುಗಿಸುವ ಪುಟ್ಟ ಸಾಧನವೊಂದು ಅವನಲ್ಲಿತ್ತು. ತಿರುಗಿಸಿದ, ನಕಲು ತೆಗೆದು ಹೊಸ ಫೈಲಿಗೆ ಅಂಟಿಸಿದ, ಪ್ರೋಗ್ರಾಮಿಗೆ ಕೊಟ್ಟ. ಸದಸ್ಯರ ಪುಟ ಬರುವ ಬದಲು ‘ಹೆಸರು ಮತ್ತು ಪಾಸ್‌ವರ್ಡ್ ನಮೂದಿಸಿ’ ಎಂಬ ಪುಟ ಬಂತು. 

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಫೈಲನ್ನು ನೋಡಿದ. ನೋಡುತ್ತ ನೋಡುತ್ತ ಅವನ ಮುಖ ಅರಳಿತು. ಅಂಟಿಸುವಾಗ ಟ್ಯಾಬುಗಳೆಲ್ಲ ಬರೀ ಖಾಲಿ ಜಾಗಗಳಾಗಿಬಿಟ್ಟಿದ್ದವು! ಕಣ್ಣಿಗೆ ಎರಡೂ ಒಂದೇ, ಪ್ರೋಗ್ರಾಮಿಗೆ ಮಾತ್ರ ಆ ಏಳು ಮನೆಗಳು ಗೋಡೆಯೇ ಇಲ್ಲದ ಒಂದು ಹಜಾರವಾಗಿ ಕಂಡಿದ್ದವು. ಅಯ್ಯೋ, ಇಷ್ಟೇನಾ, ಎಂದು ಜೋರಾಗಿಯೇ ಅಂದುಬಿಟ್ಟ. ಹತ್ತಿರದಲ್ಲೇ ಕೂತಿದ್ದ ಚೆಸ್ ಯಜಮಾನರು ತಲೆ ಎತ್ತಿದರು. ಅವರು ದಿನಾ ಬೆಳಿಗ್ಗೆ ಹತ್ತಕ್ಕೆ ಬಂದು ಏಳನೇ ನಂಬರಿನ ಕಂಪ್ಯೂಟರು ಹಿಡಿದು, ಯಾವುದೋ ದೇಶದ, ಮುಖ ನೋಡದ ಯಾರೊಂದಿಗೋ ಚದುರಂಗ ಆಡುವವರು, ಎಪ್ಪತ್ತು ದಾಟಿದ ಮನುಷ್ಯ.

‘ಏನು ಸಾಹೇಬರೇ, ಬಹಳ ಖುಷಿ? ಸಂಬಳ ಜಾಸ್ತಿಯಾಯ್ತಾ?’

‘ಇಲ್ಲ ಯಜಮಾನ್ರೇ, ಒಂದು ತಪ್ಪು ಸಿಕ್ತು.’

‘ತಪ್ಪು ಸಿಕ್ಕಿದ್ದಕ್ಕೆ ಯಾರಾದ್ರೂ ಹಿಂಗೆ ಹಲ್ಲು ಬಿಡ್ತಾರಾ?’ ಎಂದು ಅವರು ತಮ್ಮ ಕುದುರೆಯ ಕಡೆ ತಿರುಗಿದರು.

ಅವನಿಗೆ ನಿಜಕ್ಕೂ ತಪ್ಪುಗಳು ಬೇಕಾಗಿದ್ದವು. ಫೈಲಿನಲ್ಲಿ ತಪ್ಪಿದ್ದಷ್ಟೂ ಅವನ ಕೈಯಲ್ಲಿ ತಪ್ಪಿಲ್ಲ. ಟ್ಯಾಬುಗಳನ್ನು ಸರಿಮಾಡುತ್ತ ಕೂತ, ಸಿಳ್ಳೆ ಹಾಕುತ್ತ. ಅಷ್ಟರಲ್ಲಿ ಅಕ್ಕನ ಮೆಸೇಜು ಬಂತು: ‘ಅವಸರ ಮಾಡ್ಕೋಬೇಡ. ನಿನ್ನ ಕೆಲಸ ನೋಡ್ಕೋ.’ ನಾಲ್ಕಕ್ಕೆ ಎಲ್ಲ ಅಳಿಸಿಹೋಗುವುದಿದೆ, ಇವಳು ಅವಸರವಿಲ್ಲ ಎನ್ನುತ್ತಾಳಲ್ಲ! ಅವಳು ಯಾವಾಗಲೂ ಹೀಗೆ, ತನಗೆ ಬೇಕಾದ್ದನ್ನು ಕೇಳಿ, ಕೇಳಿದ್ದಕ್ಕೆ ನಾಚಿಕೊಂಡು, ಹಿಂದಕ್ಕೆ ತಗೊಳ್ಳುವವಳು. ಚಿಕ್ಕಂದಿನಲ್ಲಿ ದಿನಸಿ ಅಂಗಡಿಯಲ್ಲೂ ಹಾಗೆಯೇ ಮಾಡುತ್ತಿದ್ದಳು. ಅಮ್ಮ ಇಬ್ಬರನ್ನೂ ಕಳಿಸುತ್ತಿದ್ದಳು, ಹನ್ನೊಂದು ವರ್ಷದ ಅವಳನ್ನು, ಏಳು ವರ್ಷದ ಇವನನ್ನು. ಗಲ್ಲದ ಎತ್ತರದ ಕೌಂಟರಿನ ಮುಂದೆ ಅಕ್ಕ ನಿಂತು ‘ಸ... ಸ...’ ಎನ್ನುವಳು, ಕುತ್ತಿಗೆಯ ನರ ಉಬ್ಬುವುದು, ಅಂಗಡಿಯವನು ಕೈಯಲ್ಲಿ ತಕ್ಕಡಿ ಹಿಡಿದು ಮೇಲೆ ನೋಡುವನು, ಹಿಂದೆ ನಿಂತವರು ಕಾಲು ಬದಲಿಸುವರು. ‘ಸೋಪು!’ ಎಂದು ಇವನು ಚೀರುತ್ತಿದ್ದ. ಎಲ್ಲರೂ ನಗುತ್ತಿದ್ದರು, ಎಲ್ಲರಿಗೂ ಬಿಡುಗಡೆಯಾಗುತ್ತಿತ್ತು. ಮನೆಗೆ ಬಂದರೆ ಅಮ್ಮ, ನೋಡು ಎಷ್ಟು ಚೂಟಿ, ಅಕ್ಕನ ಬಾಯಿ ಇವನೇ, ಎಂದು ಗಲ್ಲ ಹಿಂಡುತ್ತಿದ್ದಳು. ಅಕ್ಕ ಸೋಪನ್ನು ಗೂಡಿನಲ್ಲಿಟ್ಟು ಹೊರಗೆ ಹೋಗಿ ನಿಲ್ಲುತ್ತಿದ್ದಳು. ಒಂದು ಸಲ ಅವಳು ಕೇಳಬೇಕೆಂದಿದ್ದದ್ದು ಸೋಪೇ ಅಲ್ಲ, ಸೂಜಿ. ಅಂಗಡಿಯಲ್ಲಿ ಅವಳು ಏನೂ ಅನ್ನದೆ ಸೋಪನ್ನೇ ತೆಗೆದುಕೊಂಡಳು, ಮನೆಗೆ ಬಂದು ಸೂಜಿ ಎಲ್ಲಿ ಎಂದು ಬೈಸಿಕೊಂಡಳು. ಈಗ ಫೈಲಿನ ಹತ್ತಿರ ಮುಖವಿಟ್ಟು ಕೂತ ಅವನಿಗೆ ಆ ಸೋಪಿನ ಕಾಗದದ ಹಸಿರು ಕೂಡ ಕಂಡಿತು. ಟ್ಯಾಬುಗಳು ಸರಿಯಾದವು. ಕೊಟ್ಟ. ಮತ್ತೆ ಅದೇ ಪುಟ: ಹೆಸರು ಮತ್ತು ಪಾಸ್‌ವರ್ಡ್.

ಹನ್ನೊಂದೂವರೆಗೆ ಇನ್ನೊಂದು ತಪ್ಪು ಸಿಕ್ಕಿತು, ದೇವರು ದೊಡ್ಡವನು ಎಂದುಕೊಂಡ. ಐದನೇ ಮನೆಯಲ್ಲಿ, ಕುಕಿ ಎಂದಿನವರೆಗೆ ನಡೆಯುತ್ತದೆ ಎಂಬಲ್ಲಿ, ಸೆಕೆಂಡುಗಳಲ್ಲಿ ಇರಬೇಕಾದ ಸಂಖ್ಯೆ ಸೆಕೆಂಡಿನ ಸಾವಿರದ ಪಾಲಿನಲ್ಲಿ ಬಂದು ಕೂತಿತ್ತು. ಅದರ ಪ್ರಕಾರ ಅಕ್ಕನ ಬಿಲ್ಲೆ ಇನ್ನೂ ಐವತ್ತು ಸಾವಿರ ವರ್ಷಕ್ಕಿಂತ ಹೆಚ್ಚು ಕಾಲ ಚಾಲ್ತಿ. ಅಷ್ಟು ಹೊತ್ತಿಗೆ ಈ ಗ್ರಂಥಾಲಯ ಇರುತ್ತದೋ ಇಲ್ಲವೋ, ಏಳನೇ ನಂಬರಿನಲ್ಲಿ ಯಜಮಾನರು ಮಾತ್ರ ಇದ್ದೇ ಇರುತ್ತಾರೆ ಅನ್ನಿಸಿ ತನ್ನಷ್ಟಕ್ಕೆ ನಕ್ಕ. ಒಂಬತ್ತು ಕುಕಿಯ ಒಂಬತ್ತು ಸಂಖ್ಯೆಗಳಿಂದ ಬಾಲದ ಮೂರು ಮೂರು ಅಂಕಿ ಕತ್ತರಿಸಿದ. ಇದೂ ಒಂದಿರಲಿ ಎಂದು, ಗ್ರಂಥಾಲಯದ ಪಟ್ಟಿಗಳನ್ನು ಚೊಕ್ಕ ಮಾಡಲು ತಾನೇ ಹಿಂದೆ ಬರೆದಿಟ್ಟುಕೊಂಡಿದ್ದ ಹತ್ತು ಸಾಲಿನ ಪ್ರೋಗ್ರಾಮೊಂದರಿಂದಲೂ ಫೈಲನ್ನು ಗುಡಿಸಿದ. ಕೊಟ್ಟ. ಅದೇ ಪುಟ. ಸಿಳ್ಳೆ ನಿಂತಿತು.

‘ಊಟ ಆಯ್ತಾ?’ ಎಂದು ಅಕ್ಕನ ಎರಡನೇ ಮೆಸೇಜು. ಆಯ್ತು ಎಂದು ಸುಳ್ಳು ಬರೆದ. ಕೆಲಸ ಹೇಗೆ ನಡೆದಿದೆ ಎಂದು ಅವಳು ಕೇಳಲಿಲ್ಲ, ಇವನು ಹೇಳಲೂ ಇಲ್ಲ. ಕೇಳಿದ್ದರೆ ಚೆನ್ನಾಗಿತ್ತು, ರೇಗಬಹುದಾಗಿತ್ತು. ಅವಳು ಇವನ ಮೇಲೆ ಒಮ್ಮೆಯಾದರೂ ರೇಗಿದ್ದು ಅವನಿಗೆ ನೆನಪಿಲ್ಲ, ಆ ಸಂದರ್ಶನದ ದಿನ ಕೂಡ ರೇಗಲಿಲ್ಲ. ಆಗ ಅವಳಿಗೆ ಇಪ್ಪತ್ತಮೂರು. ದಾಖಲೆಗಳ ಕಚೇರಿಯಲ್ಲಿ ಒಂದು ಕೆಲಸ ಖಾಲಿಯಿತ್ತು, ಬರೆವಣಿಗೆಯ ಪರೀಕ್ಷೆಯಲ್ಲಿ ಅವಳೇ ಮೊದಲು. ಜೊತೆಗೆ ಹೋಗು ಎಂದು ಅಮ್ಮ ಇವನನ್ನು ಕಳಿಸಿದ್ದಳು, ಇವನು ಆಗ ಕಾಲೇಜಿನ ಹುಡುಗ, ಹೊಸ ಮೀಸೆ, ಹೊಸ ಜಂಬ. ಬಾಗಿಲು ಅರ್ಧ ತೆರೆದಿತ್ತು, ಒಳಗೆ ಅಕ್ಕ ಮೊದಲ ಪ್ರಶ್ನೆಗೇ ಸಿಕ್ಕಿಕೊಂಡಿದ್ದಳು. ಹೊರಗೆ ಬೆಂಚಿನಲ್ಲಿ ಕೂತ ಇವನಿಗೆ ಆ ಮೌನ ಸಹಿಸಲಾಗಲಿಲ್ಲ. ಎದ್ದು ಒಳಗೇ ನುಗ್ಗಿ, ಅವಳ ಪರವಾಗಿ ಉತ್ತರ ಹೇಳಿದ. ಎರಡನೆಯದಕ್ಕೂ ಹೇಳಿದ. ಮೂರನೆಯದಕ್ಕೂ. ಅಧಿಕಾರಿ ಪೆನ್ನು ಕೆಳಗಿಟ್ಟು, ಬಹಳ ಮರ್ಯಾದೆಯಿಂದ, ‘ಕೆಲಸ ಬೇಕಾಗಿರೋದು ಯಾರಿಗಪ್ಪಾ?’ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅಕ್ಕ ಕಿಟಕಿಯ ಕಡೆ ಕೂತಿದ್ದಳು. ಇಳಿಯುವಾಗ ಇವನ ಅಂಗಿಯ ಕಾಲರು ಮಡಿಸಿದ್ದನ್ನು ಸರಿಮಾಡಿದಳು, ಅಷ್ಟೇ. ಆ ಕಾಲರಿನ ಹತ್ತಿರ ಅವಳ ಬೆರಳು ತಾಗಿದ್ದ ಜಾಗ ಇವತ್ತಿಗೂ ಅವನಿಗೆ ಚುರ್ರೆನ್ನುತ್ತದೆ. ಕ್ಷಮಿಸು ಎನ್ನಲು ಇಪ್ಪತ್ತೆರಡು ವರ್ಷ ಸಮಯವಿತ್ತು. ಅದಕ್ಕೂ ನಾಳೆ, ನಾಡಿದ್ದು ಎನ್ನುತ್ತಲೇ ಬಂದಿದ್ದ.

‘ಸಾಹೇಬರೇ, ಸ್ವಲ್ಪ ಬನ್ನಿ, ಈ ಇಲಿ ಮಾತು ಕೇಳ್ತಿಲ್ಲ’ ಎಂದು ಯಜಮಾನರು ಕರೆದರು. ಹೋದ. ಅವರ ಭುಜದ ಮೇಲಿನಿಂದ ಬಗ್ಗಿ ಮೌಸನ್ನು ಹಿಡಿದು, ಅದರ ಕೆಳಗೆ ಸಿಕ್ಕಿಕೊಂಡಿದ್ದ ಬಿಸ್ಕತ್ತಿನ ಚೂರು ತೆಗೆದು, ಈಗ ನೋಡಿ ಎಂದು ಎರಡು ಸಲ ಆಚೀಚೆ ಆಡಿಸಿ ತೋರಿಸಿದ. ಎರಡು ಮೇಜಿನಾಚೆ ಯಾರೋ ಪ್ರಿಂಟರಿನಲ್ಲಿ ಕಾಗದ ಮುಗಿದಿದೆ ಎಂದರು. ಬಂದೆ ಬಂದೆ ಎಂದು ಆ ಕಡೆ ತಿರುಗಿದ. ಎರಡು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಹಿಂದಿನಿಂದ ಕೋಣೆಯೇ ಅದುರುವಂಥ ಕೂಗು.

‘ಅಯ್ಯೋ ನಿಮ್ಮ! ನನ್ನ ರಾಣಿ!’

ಯಜಮಾನರ ಪರದೆಯಲ್ಲಿ ಚದುರಂಗವಿರಲಿಲ್ಲ. ‘ನೀವು ಹೊರಬಂದಿದ್ದೀರಿ, ಧನ್ಯವಾದ’ ಎಂಬ ಒಂದು ಸಾಲು ಇತ್ತು.

‘ಏನು ಮಾಡಿದ್ರಿ? ಇನ್ನೆರಡು ನಡೆಯಲ್ಲಿ ಅವನ ಕತೆ ಮುಗಿಸ್ತಿದ್ದೆ ನಾನು!’

‘ನಾನಾ? ನಾನೇನು ಮಾಡಿದೆ?’

‘ಮತ್ತೆ ನಾನಾ? ಇಲ್ಲೇ ಕೂತು ನೋಡ್ತಿದೀನಿ ಕಣ್ರೀ, ಹಿಂಗೆ ಹೋದ್ರಿ, ಮೂಲೆಗೆ ಹೋದ್ರಿ, ಟಕ್ ಅಂತ ಒತ್ತಿದ್ರಿ, ಬಂದೆ ಬಂದೆ ಅಂದ್ರಿ!’ ಅವರು ತಮ್ಮ ಕೈಯನ್ನು ಗಾಳಿಯಲ್ಲಿ ಅವನ ಕೈಯ ಹಾಗೆಯೇ ಆಡಿಸಿ ತೋರಿಸಿದರು. ಆ ಅಣಕ ಎಷ್ಟು ಸರಿಯಾಗಿತ್ತೆಂದರೆ ಪ್ರಿಂಟರಿನ ಹತ್ತಿರ ನಿಂತವರೂ ನಕ್ಕರು. ಅವನೂ ನಗುವ ಹಾಗೆ ಬಾಯಿ ಅಗಲಿಸಿದ. ಎಷ್ಟು ಹುಡುಕಿದರೂ ಒಂದು ನಿಮಿಷದ ಹಿಂದಿನ ಆ ಒತ್ತು ತನ್ನ ನೆನಪಿನಲ್ಲಿ ಇರಲಿಲ್ಲ. ಯಜಮಾನರು ಗೊಣಗುತ್ತ ತಮ್ಮ ಪಾಸ್‌ವರ್ಡ್ ಹೊಡೆದು ಮತ್ತೆ ಒಳಗೆ ಹೋದರು, ಆಟ ಅಲ್ಲೇ ಇತ್ತು, ರಾಣಿಯೂ ಇದ್ದಳು. ‘ಪುಣ್ಯ, ನನಗೆ ನೆನಪಿತ್ತು’ ಎಂದರು. ಅವನು ಪ್ರಿಂಟರಿಗೆ ಕಾಗದ ತುಂಬಿದ, ತಿರುವುಮುರುವಾಗಿ.

ಇಷ್ಟಾದ ಮೇಲಾದರೂ ಫೋನು ಮಾಡಬೇಕಿತ್ತು. ಬದಲಿಗೆ ಅವನು ಮತ್ತೆ ಫೈಲಿನ ಮುಂದೆ ಕೂತ, ಪರೀಕ್ಷೆಯ ಫಲಿತಾಂಶದಲ್ಲಿ ಹೆಸರಿಲ್ಲದವನು ಪಟ್ಟಿಯನ್ನು ಇನ್ನೊಮ್ಮೆ ಕೆಳಗಿನಿಂದ ಮೇಲಕ್ಕೆ ಓದುವ ಹಾಗೆ. ಹಾಗೆ ಓದುವಾಗಲೇ ಕಂಡಿತು: ಎಂಟು ಸಾಲು. ಜೇಸನ್ನಿನಲ್ಲಿ ಒಂಬತ್ತು ಕುಕಿ, ಇಲ್ಲಿ ಎಂಟು ಸಾಲು. ಒಂದು ಎಲ್ಲಿ ಹೋಯಿತು? ಹುಡುಕಿದ. ಕಾಣೆಯಾದದ್ದು ಬೇರೆ ಯಾವುದೂ ಅಲ್ಲ, ಅಕ್ಕನನ್ನು ಒಳಗೆ ಬಿಡುವ ಬಿಲ್ಲೆಯೇ! ಕೆಲವು ಕುಕಿಗಳ ಸಾಲಿನ ತಲೆಯಲ್ಲಿ ಒಂದು ಹ್ಯಾಶ್ ಚಿಹ್ನೆ, ಅದರ ಬೆನ್ನಿಗೆ ‘ಎಚ್‌ಟಿಟಿಪಿ ಓನ್ಲಿ’ ಎಂಬ ಗುರುತು ಇರುತ್ತದೆ, ಇದು ಗುಟ್ಟಿನ ಕುಕಿ, ಪುಟದೊಳಗಿನ ಯಾರಿಗೂ ತೋರಿಸಬಾರದು ಎಂದು. ಅವನ ಹತ್ತು ಸಾಲಿನ ಪ್ರೋಗ್ರಾಮಿಗೆ ಅಷ್ಟು ತಿಳಿವಳಿಕೆ ಎಲ್ಲಿಂದ ಬರಬೇಕು. ಹ್ಯಾಶ್‌ನಿಂದ ಶುರುವಾಗುವ ಸಾಲೆಲ್ಲ ಯಾರೋ ಗೀಚಿದ ಟಿಪ್ಪಣಿ ಎಂದು ತಿಳಿದು, ಕಸದ ಜೊತೆ ಚಿನ್ನದ ಉಂಗುರವನ್ನೂ ಗುಡಿಸಿ ಹಾಕಿತ್ತು. ಅವನಿಗೆ ಕೂತಲ್ಲೇ ಕುಣಿಯುವಂತಾಯಿತು. ಎಂಥ ಬೆಪ್ಪುತಕ್ಕಡಿ ನಾನು, ಎಂದು ಪ್ರೀತಿಯಿಂದ ತನ್ನನ್ನೇ ಬೈದುಕೊಂಡ. ಮೊದಲ ಸಲ ಟ್ಯಾಬು ಕೆಟ್ಟಿತ್ತು, ಆಮೇಲೆ ದಿನಾಂಕ ಕೆಟ್ಟಿತ್ತು, ಆಮೇಲೆ ಬಿಲ್ಲೆಯೇ ಇರಲಿಲ್ಲ, ಹಾಗಾದರೆ ಸರಿಯಾದ ಫೈಲನ್ನು ಇನ್ನೂ ಒಮ್ಮೆಯೂ ಕೊಟ್ಟೇ ಇಲ್ಲ! ಕಾಣೆಯಾದ ಸಾಲನ್ನು ತಂದು ಅದರ ಜಾಗದಲ್ಲಿ ಕೂರಿಸಿದ. ಏಳು ಮನೆ, ಆರು ಟ್ಯಾಬು, ಹತ್ತು ಅಂಕಿಯ ದಿನಾಂಕ. ಟ್ರೂ ಇರಬೇಕಾದಲ್ಲಿ ಟ್ರೂ, ಫಾಲ್ಸ್ ಇರಬೇಕಾದಲ್ಲಿ ಫಾಲ್ಸ್. ಬೆರಳಿಟ್ಟು ಎರಡೆರಡು ಸಲ ಎಣಿಸಿದ. ಅದು ಅವನು ಹನ್ನೆರಡು ವರ್ಷದಲ್ಲಿ ಮಾಡಿದ ಅತ್ಯಂತ ಚೊಕ್ಕ ಫೈಲಾಗಿತ್ತು. ಗಂಟೆ ಎರಡೂ ನಲವತ್ತು. ಕೊಟ್ಟ.

ಹೆಸರು ಮತ್ತು ಪಾಸ್‌ವರ್ಡ್ ನಮೂದಿಸಿ.

 ಫೈಲಿನಲ್ಲಿ ಇನ್ನು ಒಂದು ತಪ್ಪೂ ಉಳಿದಿರಲಿಲ್ಲ, ಎಲ್ಲ ತಪ್ಪೂ ಹೋಗಿ ಅವನೊಬ್ಬನೇ ಉಳಿದಿದ್ದ. ಕಿಟಕಿಯಾಚೆ ಒಳ್ಳೇ ಬಿಸಿಲು, ಎದುರಿನ ಕಟ್ಟಡದವರು ಹೊದಿಕೆ ಒಣಗಹಾಕುತ್ತಿದ್ದರು. ಅಕ್ಕನಿಗೆ ಹೇಳಲು ಬಗೆಬಗೆಯ ವಾಕ್ಯಗಳು ತಾವಾಗಿ ತಯಾರಾಗಿ ಬಂದವು: ಆ ಸೈಟಿನವರು ಮೊದಲೇ ಮುಚ್ಚಿಬಿಟ್ಟಿದ್ದಾರೆ. ನಿನ್ನ ಕಂಪ್ಯೂಟರು ಬಹಳ ಹಳೇದು, ಅದಕ್ಕೆ ಫೈಲು ಸರಿಯಾಗಿ ಬಂದಿಲ್ಲ. ಆ ಕುಕಿಗಳೇ ಹಾಗೆ, ಒಂದು ರಾತ್ರಿ ಕಳೆದರೆ ಕೆಟ್ಟುಹೋಗುತ್ತವೆ. ಎಲ್ಲವೂ ನಂಬುವಂತಿದ್ದವು, ಅಕ್ಕನಿಗೆ ಈ ವಿಷಯದಲ್ಲಿ ಓ ನಾ ಮಾ ತಿಳಿಯದು. ಮೆಸೇಜಿನಲ್ಲಿ ಮೊದಲನೆಯದನ್ನು ಬರೆದೂ ಬರೆದ. ಓದಿ ನೋಡಿದ. ಎಷ್ಟು ನಯವಾಗಿತ್ತು, ಎಲ್ಲೂ ತಡೆಯದೆ ಓಡು ಓಡು ಎಂದು ಓಡುತ್ತಿತ್ತು. ಅದನ್ನು ಅಳಿಸುವಾಗ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು, ಮತ್ತು ತುಂಬ ವರ್ಷಗಳ ಮೇಲೆ ಅಕ್ಕನನ್ನು ನೋಡಬೇಕೆಂದು ಬಹಳ ಆಸೆಯಾಯಿತು. ಯಜಮಾನ್ರೇ, ಐದು ನಿಮಿಷ ಕೋಣೆ ನೋಡ್ಕೊಳ್ಳಿ ಎಂದು ಹೇಳಿ, ಹೊರಗೆ ಮೆಟ್ಟಿಲಿನ ತಿರುವಿಗೆ ಬಂದು ನಂಬರು ಒತ್ತಿದ.

ಅಕ್ಕ ಫೋನು ಎತ್ತುವವಳಲ್ಲ. ಕರೆ ಬಂದರೆ ಅದು ನಿಲ್ಲುವ ತನಕ ಕಾದು, ಏನು ಎಂದು ಮೆಸೇಜು ಮಾಡುವವಳು. ಈ ಸಲ ಮೂರನೇ ಸದ್ದಿಗೇ ಎತ್ತಿದಳು.

‘ಅಕ್ಕಾ, ನಾನು.’

‘ಹ್ಞೂಂ.’

‘ಅಕ್ಕಾ, ನಿನ್ನೆ ನಾನು ಲಾಗೌಟ್ ಮಾಡಿಬಿಟ್ಟೆ. ನೀನು ಟೀ ತಂದಾಗ. ಬೇಕಂತ ಮಾಡಿದ್ದಲ್ಲ, ಕೈಗೆ ಅಭ್ಯಾಸ ಆಗಿಬಿಟ್ಟಿದೆ. ಬೆಳಿಗ್ಗೆಯಿಂದ ಆ ಫೈಲನ್ನ ಹಿಂದೆ ಮುಂದೆ ತಿರುಗಿಸ್ತಾ ಕೂತಿದೀನಿ, ಅದರದ್ದೇ ತಪ್ಪು ಅಂತ. ಅದರದ್ದಲ್ಲ. ನಾನೇ ಬಾಗಿಲು ಹಾಕಿಬಿಟ್ಟೆ. ಇನ್ನು ಒಂದೂ ಸಿಗಲ್ಲ ಅಕ್ಕ.’

 ಆ ಕಡೆ ಉಸಿರು ಎಳೆದುಕೊಂಡದ್ದು ಕೇಳಿಸಿತು.

‘ನ... ನ...’

ನನಗೆ ಗೊತ್ತಿತ್ತು, ಎನ್ನುತ್ತಾಳೆ. ಅಥವಾ ನನ್ನ ಹಣೆಬರಹ. ಅಥವಾ ನಂಬಿದ್ದೆ ನಿನ್ನನ್ನ. ಮೂರೂ ಅವನ ನಾಲಿಗೆಯ ತುದಿಗೆ ಬಂದು ನಿಂತವು, ಒಂದಕ್ಕಿಂತ ಒಂದು ಮುಂದೆ. ಯಾವುದಾದರೊಂದನ್ನು ಕೊಟ್ಟುಬಿಟ್ಟರೆ ಇಬ್ಬರಿಗೂ ಬಿಡುಗಡೆ. ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದುಕೊಂಡ. ಯಾರೋ ಪುಸ್ತಕಗಳನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದರು, ಅವನನ್ನು ದಾಟಿದರು, ಮೇಲಿನ ಬಾಗಿಲು ತೆರೆದು ಮುಚ್ಚಿತು. ‘ನ...’ ಎಂಬುದು ಇನ್ನೂ ನಡೆದೇ ಇತ್ತು.

‘ನ... ನಗು ಬರ್ತಿದೆ ಕಣೋ.’

 ಅವಳು ನಿಜವಾಗಿಯೂ ನಗುತ್ತಿದ್ದಳು, ಮೂಗು ಕಟ್ಟಿದವರ ನಗು.

‘ಬೆಳಿಗ್ಗೆ ಏ... ಏಳಕ್ಕೇ ನೋಡಿದೆ. ಪಾಸ್‌ವರ್ಡ್ ಕೇ... ಕೇಳ್ತು. ಕೂತ್ಕೊಂಡು ಅತ್ತೆ. ಒ... ಒಂದು ಗಂಟೆ. ಆಮೇಲೆ ಮುಖ ತೊಳ್ಕೊಂಡೆ.’

‘ಬೆಳಿಗ್ಗೆಯೇ ಗೊತ್ತಿತ್ತಾ? ಮತ್ತೆ ನನಗೆ ಯಾಕೆ ಹೇಳಲಿಲ್ಲ?’

‘ನೀ... ನೀನೇ ಹೇಳ್ತೀಯೇನೋ ಅಂತ ಕಾದೆ.’ ಮೂಗು ಎಳೆದುಕೊಂಡು, ‘ಭಾ... ಭಾರಿ ಹೊತ್ತು ತಗೊಂಡೆ ಬಿಡು’ ಎಂದಳು.

ಇಬ್ಬರೂ ನಕ್ಕರು.  ಕಣ್ಣು ಒರೆಸಿಕೊಳ್ಳಲು ಕನ್ನಡಕ ತೆಗೆದ, ಅದನ್ನು ಉಜ್ಜಿ ಕೊಟ್ಟವಳೂ ಅವಳೇ.

‘ಅಕ್ಕಾ, ಅವನ್ನೆಲ್ಲ ಇಟ್ಕೊಂಡು ಏನು ಮಾಡಬೇಕು ಅಂತಿದ್ದೆ?’

ಇದಕ್ಕೆ ಅವಳು ಬಹಳ ಹೊತ್ತು ತೆಗೆದುಕೊಂಡಳು. ಈ ಸಲದ್ದು ಉಗ್ಗಲ್ಲ, ಹೇಳುವುದೋ ಬೇಡವೋ ಎಂಬ ತಡೆ ಎಂದು ಅವನಿಗೆ ಮೊದಲ ಸಲ ವ್ಯತ್ಯಾಸ ತಿಳಿಯಿತು.

‘ನಿ... ನಿನಗೆ ಕೊಡೋಣ ಅಂತಿದ್ದೆ. ನನಗಲ್ಲ. ಅ... ಅದರಲ್ಲಿರೋದೆಲ್ಲ ನಿನಗೆ ಹೇಳಿರೋದು. ಎದುರಿಗೆ ಹೇಳಿದ್ರೆ ನೀನು ಮು... ಮುಗಿಸೋಕೆ ಬಿಡಲ್ಲ ಅಂತ, ಅಲ್ಲಿ ಹೇಳ್ಕೊಂಡೆ.’

ಕೊಂಕಿರಲಿಲ್ಲ ಅದರಲ್ಲಿ, ದೂರೂ ಇರಲಿಲ್ಲ. ಗಾಜಿನ ನಂಬರು ಹೇಳುವ ಹಾಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಒಂಬತ್ತು ವರ್ಷ, ವಾರಕ್ಕೊಮ್ಮೆ, ಮುಚ್ಚಿದ ಕೋಣೆಯಲ್ಲಿ ಒಬ್ಬಳೇ ಕೂತು ತನ್ನೊಡನೆ ಮಾತಾಡಿದ್ದಾಳೆ. ಆ ನಾನೂರು ವಾರಗಳಲ್ಲಿ ತಾನು ಅವಳ ಮನೆಗೆ ಹೋಗಿದ್ದೇನೆ, ಸಕ್ಕರೆ ಕಮ್ಮಿ ಅಂದಿದ್ದೇನೆ, ಅವಳು ಬಾಯಿ ತೆರೆದಾಗಲೆಲ್ಲ ಅವಳ ವಾಕ್ಯವನ್ನು ಕಿತ್ತುಕೊಂಡು ತಾನೇ ಮುಗಿಸಿ, ಹೊತ್ತಾಯಿತು ಎಂದು ಎದ್ದು ಬಂದಿದ್ದೇನೆ. ಮೆಟ್ಟಿಲಿನ ಕಂಬಿ ಹಿಡಿದುಕೊಂಡ.

‘ಈಗ ಹೇಳು ಅಕ್ಕ.’

‘ಈ... ಈಗಲೇನಾ? ಫೋನಲ್ಲಾ?’

‘ಹ್ಞೂಂ.’

‘ಒಂಬತ್ತು ವರ್ಷದ್ದಿದೆಯೋ. ನಿ... ನಿನ್ನ ಕೆಲಸ?’

‘ಯಜಮಾನರು ನೋಡ್ಕೋತಿದಾರೆ. ಹೇಳು.’

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಅವಳು ಗಂಟಲು ಸರಿಮಾಡಿಕೊಂಡಳು, ಒಮ್ಮೆ ಸುಮ್ಮನೆ ನಕ್ಕಳು, ನಾಚಿಕೆಯಾಗುತ್ತೆ ಕಣೋ ಎಂದಳು, ಆಮೇಲೆ ಶುರುಮಾಡಿದಳು.

‘ಮೊ... ಮೊ...’

ಮುಂದೆ ಯಾವ ಪದ ಬರುತ್ತದೋ ಅವನಿಗೆ ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು, ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು, ಕಾದ.